ಮಾಲೆ ಹಾಕಿಕೊಂಡು ಆಡಿದ ಮಾತು

ನಾನು ಸುಳ್ಳು ಹೇಳಿದೆ. ಕೊರಳಲ್ಲಿ ಅಯ್ಯಪ್ಪನ ಮಾಲೆ ಹಾಕಿಕೊಂಡು, ಹತ್ತು ಜನ ಹಿರಿಯರ ಎದುರಿಗೆ ನಿಂತು ಸುಳ್ಳು ಹೇಳಿದೆ. ಕಪ್ಪು ಬಟ್ಟೆ, ಬರಿಗಾಲು, ತಣ್ಣೀರಿನ ಸ್ನಾನ — ವ್ರತದಲ್ಲಿ ಯಾವುದನ್ನೂ ತಪ್ಪಿಸಿರಲಿಲ್ಲ. ನಿಜ ಹೇಳುವುದೊಂದು ಬಿಟ್ಟು.

ಜಡಿಗೇನಹಳ್ಳಿಯ ಹತ್ತಿರ ನಮ್ಮ ಹೊಲ, ಅದರ ಹಿಂದೆ ನಂಜಮ್ಮಕ್ಕನದು. ಅಲ್ಲಿಗೆ ಗಾಡಿ ಹೋಗಬೇಕೆಂದರೆ ನಮ್ಮ ಬದುವಿನ ಪಕ್ಕದಲ್ಲೇ ಹೋಗಬೇಕು. ನಮ್ಮಪ್ಪ ಬೋರ್‌ವೆಲ್ ಕೊರೆಸಿದಾಗ ಅವಳ ಗಂಡ ತನ್ನ ಹೊಲದ ಮೂಲೆ ಬಿಟ್ಟುಕೊಟ್ಟಿದ್ದ. ಅದಕ್ಕೆ ಅಪ್ಪ ಈ ದಾರಿ ಬಿಟ್ಟರು. "ನೀನಿರೋಗಂಟ, ನಿನ್ನ ಮಕ್ಳಿರೋಗಂಟ ಇಲ್ಲೇ ಓಡಾಡಪ್ಪ" ಅಂದರು. ಬರೀ ಬಾಯಿಮಾತು. ಪಕ್ಕದಲ್ಲಿ ನಾನಿದ್ದೆ, ನಂಜಮ್ಮಕ್ಕ ಇದ್ದಳು. ಗಂಡಸರಿಬ್ಬರೂ ತೀರಿಕೊಂಡ ಮೇಲೆ ಆ ಮಾತು ಕೇಳಿದ್ದವರು ನಾವಿಬ್ಬರೇ ಉಳಿದೆವು.

ಆಮೇಲೆ ಗೋಡೌನ್ ಕಟ್ಟುವವರು ಜಮೀನು ಬಾಡಿಗೆಗೆ ಕೇಳಿಕೊಂಡು ಬಂದರು. ದಾರಿಯ ತಕರಾರು ಇದ್ದರೆ ನಿಮ್ಮ ಜಮೀನು ಬೇಡ ಅಂದರು. ಆಸೆ — ಅದಕ್ಕೆ ಬೇರೆ ಹೆಸರು ಯಾಕೆ ಇಡಲಿ? ಬೇಲಿ ಹಾಕಿಸಿಬಿಟ್ಟೆ. ನಂಜಮ್ಮಕ್ಕ ಅರಳಿಕಟ್ಟೆಯಲ್ಲಿ ಪಂಚಾಯ್ತಿ ಸೇರಿಸಿದಳು. ನಾನು ಮಾಲೆಯಲ್ಲಿದ್ದ ದಿನಗಳವು. ಮಾಲೆ ಹಾಕಿದವನನ್ನು ನಮ್ಮಲ್ಲಿ ಹೆತ್ತ ತಾಯಿಯೂ ಹೆಸರು ಹಿಡಿದು ಕರೆಯುವುದಿಲ್ಲ, ಸ್ವಾಮಿ ಅನ್ನುತ್ತಾಳೆ.

"ಸ್ವಾಮಿ ಮಾಲೇಲವ್ರೆ. ಅವ್ರೇನಂತಾರೋ ಅದೇ ಸರಿ" ಅಂದರು ಹಿರಿಯರು. ನಂಜಮ್ಮಕ್ಕನೂ ನೆಮ್ಮದಿಯಿಂದ ತಲೆಯಾಡಿಸಿದಳು. "ಹೂಂ, ಸ್ವಾಮಿ ಬಾಯಲ್ಲೇ ಬರ್ಲಿ."

ನಾನು ಅಂದೆ, "ಅಂಥಾ ಮಾತು ನಡ್ದೇ ಇಲ್ಲ."

ಅವಳು ಜಗಳಕ್ಕೆ ಬರಲಿಲ್ಲ. ಮಣ್ಣು ತೂರಿ ಶಪಿಸಿದ್ದರೆ ಇವತ್ತು ನನಗೆ ಎಷ್ಟೋ ಹಗುರವಾಗಿರುತ್ತಿತ್ತು. ನನ್ನ ಮುಖವನ್ನೇ ನೋಡಿದಳು, ಕೊರಳಿನ ಮಾಲೆ ನೋಡಿದಳು. "ಸ್ವಾಮಿ ಹೇಳಿದ್ಮೇಲೆ ಮುಗೀತು. ನಂಗೇ ಮರೆವು ಬಂದೈತೆ, ತೆಪ್ಪಾಯ್ತು" ಅಂತ ಬಗ್ಗಿ ನನ್ನ ಪಾದ ಮುಟ್ಟಿದಳು. ನಾನು ಕಾಲು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ದಾರಿ ಹೋಯಿತು. ಕೆರೆ ಏರಿ ಬಳಸಿಕೊಂಡು ತಲೆಮೇಲೆ ಹುಲ್ಲು ಹೊತ್ತಳು, ಸೊಂಟ ಬಿದ್ದುಹೋಯಿತು. ಹೊಲ ಬೀಳುಬಿತ್ತು, ಹಸು ಮಾರಿದಳು. ನಾನು ಮಾತ್ರ ವರ್ಷ ವರ್ಷ ಮಲೆ ಹತ್ತಿ ಹತ್ತಿ ಗುರುಸ್ವಾಮಿ ಅನ್ನಿಸಿಕೊಂಡೆ. ಮಾಲೆ ಹಾಕಿಸಿಕೊಳ್ಳಲು ಬರುವ ಹುಡುಗರಿಗೆ ಅವರ ತಾಯಂದಿರು, "ಇವ್ರನ್ನ ನೋಡಿ ಕಲ್ತ್ಕೊಳ್ಳಿ, ಹೆಂಗೆ ಬಾಳ್ತವ್ರೆ" ಅನ್ನುತ್ತಾರೆ. ನನ್ನನ್ನು ನೋಡಿ ದೇವರನ್ನು ನಂಬುವವರಿದ್ದಾರೆ. ಇದನ್ನು ಯಾರ ಹತ್ತಿರ ಹೇಳಿಕೊಂಡು ಅಳಲಿ?

ಹೊರಡುವ ಮುಂಚೆ ಇರುಮುಡಿ ಕಟ್ಟುತ್ತೇವಲ್ಲ, ಆಗ ಕಾಯಿಗೆ ತುಪ್ಪ ತುಂಬಬೇಕು. ನನ್ನ ಕಾಯಿಗೆ ನಂಜಮ್ಮಕ್ಕನ ತುಪ್ಪ ತಪ್ಪಿದ್ದೇ ಇಲ್ಲ. ಮುಂಚೆ ಮನೆ ಹಸುವಿನದು ತರುತ್ತಿದ್ದಳು. ಈಗ ಅಂಗಡಿಯ ಸಣ್ಣ ಪ್ಯಾಕೆಟ್. ಆ ತುಪ್ಪವನ್ನೇ ತಲೆಮೇಲೆ ಹೊತ್ತು ಹದಿನೆಂಟು ಮೆಟ್ಟಿಲು ಹತ್ತಿ — ಏನಂತ ಬೇಡಿಕೊಂಡೆನೋ, ನೆನೆದರೆ ಮೈ ಉರಿಯುತ್ತದೆ.

ಹೋದ ವರ್ಷ ಒಮ್ಮೆ ಬಾಯಿಬಿಟ್ಟೆ. "ಅಕ್ಕಾ, ಅವತ್ತು ಆ ದಾರಿ ವಿಚಾರ —" ಅಷ್ಟಕ್ಕೇ ತಡೆದಳು. "ಬುಡಿ ಸ್ವಾಮಿ, ನನ್ ಮರೆವಿಗೆ ನೀವ್ಯಾಕೆ ನೊಂದ್ಕೋತೀರಾ." ನಾನು ಸುಮ್ಮನಾದೆ. ಎರಡನೇ ಸಲ ಅವಳಿಗೆ ಅದೇ ಸುಳ್ಳು ಹೇಳಿದ ಹಾಗಾಯಿತು.

ನಾಳೆ ಮತ್ತೆ ಇರುಮುಡಿ. ಊರೆಲ್ಲ ಸೇರಿರುತ್ತದೆ. ಅಲ್ಲೇ ಹೇಳುತ್ತೇನೆ. ಮಾಲೆ ತೆಗೆದಿಟ್ಟು ಹೇಳುತ್ತೇನೆ, ಅದನ್ನು ಒಮ್ಮೆ ಸಾಕ್ಷಿಗೆ ಎಳೆದದ್ದೇ ಸಾಕು. ಈ ಸಲ ಮಲೆಗೂ ಹೋಗುವುದಿಲ್ಲ. ಇದರಿಂದ ದಾರಿ ಬರುವುದಿಲ್ಲ, ಗೊತ್ತು. ಅಲ್ಲಿ ಗೋಡೌನಿನ ಕಾಂಪೌಂಡು ಎದ್ದಿದೆ. ಬರುವ ಬಾಡಿಗೆಯನ್ನು ಅವಳ ಮುಂದಿಟ್ಟರೂ ಆ ಸೊಂಟ ನೆಟ್ಟಗಾಗುವುದಿಲ್ಲ. ಊರು ಉಗಿಯಲಿ, ಅದಕ್ಕೆ ಹೆದರುತ್ತಿಲ್ಲ. ಅವಳು ನನ್ನನ್ನು ನಂಬದೇ ಹೋದರೆ, ಇಲ್ಲ ಸ್ವಾಮಿ ಅಂತ ಮತ್ತೆ ನನ್ನ ಪರವಾಗಿಯೇ ಮಾತಾಡಿಬಿಟ್ಟರೆ — ನನ್ನ ಭಯ ಅದೊಂದೇ.

ಆದರೂ ಅವಳ ಕಾಲು ಹಿಡಿದು ಹೇಳಬೇಕು. ಅಕ್ಕಾ, ನಿನಗೆ ಯಾವ ಮರೆವೂ ಬಂದಿರಲಿಲ್ಲ.