ಅಪ್ಪಣೆ ಕೇಳಿ ಒಳಗೆ ಬರುತ್ತಿದ್ದ ದುರುಗಪ್ಪ ಸರ್

ಬೆಳಿಗ್ಗೆ ನಳ ಬಂದಿತ್ತು, ಡ್ರಮ್ಮು ತುಂಬಿಸಿದೆ. ರೊಟ್ಟಿ ಬಡಿದೆ, ಮನೆಯವರ ಡಬ್ಬಿ ಕಟ್ಟಿದೆ, ಅತ್ತೆಗೆ ಬಿಪಿ ಗುಳಿಗೆ ಕೊಟ್ಟೆ. ರಾಯಚೂರು ಬಸ್‌ಸ್ಟ್ಯಾಂಡಿನಲ್ಲಿ ಮಾನ್ವಿ ಬಸ್ ಹಿಡಿದು, ದಾರಿಯುದ್ದಕ್ಕೂ ಎಂಟನೆಯ ತರಗತಿಯ ಹಿಂದಿ ಕಾಪಿ ತಿದ್ದಿದೆ. ಶಾಲೆ ಮುಟ್ಟಿದ ಮೇಲೆ, ಇವತ್ತೇ ಹಾಜರಾದ ಹೊಸ ಗಣಿತದ ಸರ್‌ಗೆ ಸ್ಟಾಫ್ ರೂಮಿನಲ್ಲಿ ಕುರ್ಚಿ ತೋರಿಸಿದೆ. ಅದು ದುರುಗಪ್ಪ ಸರ್ ಕುಳಿತುಕೊಳ್ಳುತ್ತಿದ್ದ ಕುರ್ಚಿ.

ದುರುಗಪ್ಪ ಸರ್ ತರಗತಿಯ ಬಾಗಿಲಲ್ಲಿ ನಿಂತು ಮಕ್ಕಳ ಅಪ್ಪಣೆ ಕೇಳುತ್ತಿದ್ದರು. ಒಂದು ಕೈಯಲ್ಲಿ ಡಸ್ಟರ್, ಇನ್ನೊಂದು ಕೈ ಬಾಗಿಲ ಚೌಕಟ್ಟಿನ ಮೇಲೆ. "ಒಳಗ ಬರ್ಲೇನ್ರಿ?" ಇಡೀ ಕ್ಲಾಸು "ಬರ್ರಿ ಸರ್" ಎಂದು ಕೂಗಿದ ಮೇಲೆಯೇ ಹೊಸ್ತಿಲು ದಾಟುವುದು. ಹಾಗಂತ ಮೆತ್ತಗಿನ ಮನುಷ್ಯರೇನಲ್ಲ. ಅಷ್ಟು ವಿನಯದಿಂದ ಒಳಗೆ ಹೋದವರೇ ಮರುಗಳಿಗೆಗೆ, "ಲೇ ಮಗನ, ಹತ್ತನೇತ್ತಕ್ಕ ಬಂದೀದಿ, ಮೂರು ಎಂಟ್ಲೆ ಎಷ್ಟಲೇ?" ಎಂದು ಪಕ್ಕದ ಕೋಣೆಯ ನನ್ನ ಹಿಂದಿ ಪಾಠವೂ ನಿಂತುಹೋಗುವಂತೆ ಗದರುತ್ತಿದ್ದರು. ಬೈಯುತ್ತಲೇ ತಿದ್ದಿದ ಕಾಪಿಯನ್ನು ಎರಡೂ ಕೈಯಿಂದ ಕೊಡುತ್ತಿದ್ದರು. ಚಹಾ ಕುಡಿದ ಲೋಟವನ್ನು ಯಾವ ಹುಡುಗನ ಕೈಗೂ ಕೊಟ್ಟವರಲ್ಲ, ತಾವೇ ನಳದ ಕೆಳಗೆ ತೊಳೆದಿಡುತ್ತಿದ್ದರು. ದೇವದುರ್ಗ ತಾಲೂಕಿನ ಗೂಗಲ್ ಎಂಬ ಹಳ್ಳಿಯ ಕಡೆಯ ಕೂಲಿ ಮನೆತನದವರು. ಮನೆಯಲ್ಲಿ ಶಾಲೆಯ ಮೆಟ್ಟಿಲು ಹತ್ತಿದ ಮೊದಲಿಗರು.

ಈ ಅಪ್ಪಣೆ ಯಾಕೆ ಎಂದು ಒಮ್ಮೆ ಕೇಳಿದ್ದೆ.

"ಟೀಚರ್, ಅವ್ರು ಮುಂಜಾನಿಂದ ಸಂಜಿತನ ಅಲ್ಲೇ ಕುಂದ್ರತಾರ. ನಾ ಒಂದು ಪೀರಿಯಡ್ಡಿಗೆ ಬಂದು ಹೋಗಾಂವ. ಮನಿ ಯಾರದ್ರಿ?" ಎಂದು ನಕ್ಕಿದ್ದರು.

ಹತ್ತಿ ಬಿಡಿಸುವ ದಿನಗಳಲ್ಲಿ ಒಂದು ಮಧ್ಯಾಹ್ನ, ಹತ್ತನೆಯ ತರಗತಿಯಲ್ಲಿ ಯಾರೂ ಮನೆಲೆಕ್ಕ ಮಾಡಿರಲಿಲ್ಲ. ಸರ್ ಬಾಗಿಲಲ್ಲಿ ಕೇಳಿದರು. ನೀಲಮ್ಮ ಎಂಬ ಹುಡುಗಿ, ಬಾಯಿ ಸ್ವಲ್ಪ ಮುಂದು, "ಇವತ್ತ ಬ್ಯಾಡ್ರಿ ಸರ್" ಎಂದಳು. ಕ್ಲಾಸು ಗೊಳ್ಳೆಂದಿತು. ಸರ್ "ಆತೇಳವ್ವಾ" ಎಂದು ಹೊರಗಿನ ಕಟ್ಟೆಯ ಮೇಲೆ ಕುಳಿತುಬಿಟ್ಟರು. ಒಳಗಿನ ನಗು ತಾನಾಗಿಯೇ ಇಳಿಯಿತು. ಅಷ್ಟರಲ್ಲಿ ಹೆಡ್‌ಮಾಸ್ತರು ಬಂದರು.

"ಏನ್ರೀ ದುರುಗಪ್ಪ, ಹೊರಗ ಕುಂತೀರಿ?"

"ಒಳಗ ಬ್ಯಾಡ ಅಂದಾರ್ರಿ ಸರ್."

ಯಾರು ಅಂದದ್ದು ಎಂದು ಹೆಡ್‌ಮಾಸ್ತರು ಒಳಗೆ ಹೋಗಿ ಕೇಳುವ ಮೊದಲೇ ನೀಲಮ್ಮ ಎದ್ದು ನಿಂತಿದ್ದಳು. "ನಾಳಿ ನಿಮ್ಮಪ್ಪನ್ನ ಕರ್ಕೊಂಡ್ ಬಾ. ಟಿ.ಸಿ. ತಗೊಂಡ್ ಹೋಗು" ಎಂದರು.

ಅವಳ ಅಪ್ಪ ಶಾಲೆ ಬಿಡಿಸಲು ನೆಪ ಹುಡುಕುತ್ತಿದ್ದುದು ನಮಗೆಲ್ಲ ಗೊತ್ತಿತ್ತು. ಕರೆದರೆ ಸಾಕು, ಮರುದಿನದಿಂದ ಅವಳು ಹತ್ತಿ ಹೊಲದಲ್ಲಿ.

ಸಂಜೆ ಆಫೀಸಿನಲ್ಲಿ ನಾನೂ ಇದ್ದೆ. "ಕೇಳಿದಾಂವ ನಾನ್ರಿ ಸರ್. ಬ್ಯಾಡ ಅನ್ನಾಕ ಬರಂಗಿಲ್ಲಂದ್ರ ನಾ ಕೇಳಾದು ಬರೇ ಸೋಗು ಆಗ್ತದ" ಎಂದರು ದುರುಗಪ್ಪ ಸರ್.

"ಇವತ್ತ ಒಳಗ ಬರಬ್ಯಾಡ ಅಂತಾವ, ನಾಳಿ ಊರಿಗೇ ಬರಬ್ಯಾಡ ಅಂತಾವ. ಮಾಸ್ತರಿಗೆ ಮರ್ಯಾದಿ ಏನುಳೀತು ಹೇಳ್ರಿ?" ಹೆಡ್‌ಮಾಸ್ತರು ಕೆಟ್ಟವರಲ್ಲ, ಶಾಲೆ ಕೈತಪ್ಪುತ್ತದೆ ಎಂಬ ಹೆದರಿಕೆ ಅವರದು. ಕೊನೆಗೆ, "ನೀವು ಕೇಳಾದು ಬಿಡ್ರಿ, ನಾ ಟಿ.ಸಿ. ಮಾತು ಬಿಡ್ತೀನಿ" ಎಂದರು.

ಸರ್ ಡಸ್ಟರನ್ನು ಮೇಜಿಗೆ ಎರಡು ಸಲ ತಟ್ಟಿದರು. "ಆತ್ರಿ" ಎಂದರು.

ಮರುದಿನ ನೇರ ಒಳಗೆ ಹೋದರು. ಮಕ್ಕಳು ಎದ್ದು ನಿಂತರು, ಕುಳಿತರು. ಅವತ್ತು ಗೋಡೆಯಾಚೆಯಿಂದ ನನಗೆ ಒಂದು ಬೈಗುಳವೂ ಕೇಳಲಿಲ್ಲ. ಅದರ ಮರುದಿನ ಅವರ ಚಪ್ಪಲಿ ಸಪ್ಪಳ ಬಾಗಿಲ ಹತ್ತಿರ ಬರುತ್ತಲೇ ಒಳಗಿನಿಂದ ನೀಲಮ್ಮನ ದನಿ: "ಬರ್ರಿ ಸರ್, ಒಳಗ ಬರ್ರಿ!" ಹಿಂದೆಯೇ ಇಡೀ ಕ್ಲಾಸು. ಹೆಡ್‌ಮಾಸ್ತರು ಆಫೀಸಿನಿಂದ ಹೊರಗೆ ಬಂದು ನೋಡಿದರು. ಸರ್ ಏನನ್ನೂ ಕೇಳಿರಲಿಲ್ಲವಲ್ಲ, ಏನೆಂದು ತಡೆದಾರು? ತಿರುಗಿ ಒಳಗೆ ಹೋದರು. ಅಂದಿನಿಂದ ಅದೇ ರೂಢಿಯಾಯಿತು. ಬೈಗುಳವೂ ಮರಳಿತು.

ಹೋದ ತಿಂಗಳು ದುರುಗಪ್ಪ ಸರ್‌ಗೆ ದೇವದುರ್ಗದ ಕಡೆ ವರ್ಗವಾಯಿತು. ಹಾರ ಬೇಡ ಎಂದರು, ಭಾಷಣವನ್ನೂ ಮಾಡಲಿಲ್ಲ. "ಮಗ್ಗಿ ಮರೀಬ್ಯಾಡ್ರಲೇ" ಎಂದು ಬಸ್ಸು ಹತ್ತಿದರು.

ಇವತ್ತು ಹೊಸ ಸರ್ ಹತ್ತನೆಯ ತರಗತಿಯಿಂದ ಮುಖ ಕೆಂಪಗೆ ಮಾಡಿಕೊಂಡು ಬಂದರು. "ಏನ್ರಿ ಟೀಚರ್, ಚ್ಯಾಷ್ಟಿ ಮಾಡ್ತಾವ ಇವು? ಬಾಗಲದಾಗ ಕಾಲಿಡಾಕತ್ತಿದ್ರ 'ಬರ್ರಿ ಸರ್, ಒಳಗ ಬರ್ರಿ' ಅಂತಾವ. ನಾ ಏನು ಬೀಗರ ಮನಿಗೆ ಬಂದೀನೇನು?"

ಚಹಾ ಕೊಟ್ಟು ನಡೆದದ್ದನ್ನೆಲ್ಲ ಹೇಳಿದೆ. ಅವರು ಕೇಳಿಸಿಕೊಂಡು, "ನಿಮಗೂ ಹಂಗ ಕರೀತಾವೇನು?" ಎಂದರು.

ಇಲ್ಲ. ನಾನು ಹೋದರೆ ಎದ್ದು ನಿಲ್ಲುತ್ತಾರೆ, ನಮಸ್ತೆ ಎನ್ನುತ್ತಾರೆ, ಅಷ್ಟೇ. ಸಂಜೆ ಗೇಟಿನ ಹತ್ತಿರ ನೀಲಮ್ಮ ಸಿಕ್ಕಳು. "ಏನಬೇ, ನನ್ನ ಯಾಕ ಒಳಗ ಕರಿಯಂಗಿಲ್ಲ ನೀವು?" ಎಂದು ನಗುತ್ತಲೇ ಕೇಳಿದೆ.

ಅವಳು ನಗಲಿಲ್ಲ. ಕುಚೋದ್ಯವೂ ಇರಲಿಲ್ಲ. "ನೀವು ಎಂದೂ ಕೇಳೇ ಇಲ್ಲಲ್ರಿ ಟೀಚರ್" ಎಂದಳು. ಗೆಳತಿಯರು ಕರೆದರು, ಓಡಿದಳು.

ರಾತ್ರಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ. ಅತ್ತೆಗೆ ಮಜ್ಜಿಗೆ ಅನ್ನ. ಮನೆಯವರು "ಇವತ್ತ ಯಾಕ ಸುಮ್ಮಕ ಕುಂತೀದಿ?" ಎಂದರು, ಉತ್ತರ ಬರುವ ಮೊದಲೇ ನಿದ್ದೆ ಹೋದರು. ಅತ್ತೆ ಆಮೇಲೆ ಮಲಗಿದರು. ನಾನು ಕೊನೆಗೆ.