ಅಮೋಘಸಿದ್ಧನ ಖಡ್ಗ, ಶೇವಂತೆವ್ವನ ತತ್ರಾಣಿ

ತಾಂಬಾದ ಅಮೋಘಸಿದ್ಧ ವೀರನೆಂದರೆ ವೀರ; ಅವನ ಖಡ್ಗ ಎಷ್ಟು ಉದ್ದವೆಂದರೆ ಬಸ್ಸು ಹತ್ತಿದಾಗ ಅದರ ತುದಿ ಕಿಟಕಿಯಾಚೆಗೇ ಇರುತ್ತದೆ, ಕಂಡಕ್ಟರ್ "ಯಜಮಾನ್ರ, ಎದುರಿಂದ ಲಾರಿ ಬರಾಕತ್ತೇತಿ, ಖಡ್ಗ ಒಳಗ ತಗೋರಿ" ಎಂದು ಕೂಗುತ್ತಾನೆ. ಇಂಗಳೇಶ್ವರದ ಮುದಿ ಮಾಟಗಾರ ಅಪ್ಪಾಸಾಬ ತಾಂಬಾದ ಗೌಡರ ಹೊಸ ಫಟಫಟಿ ಮೋಟರ್‌ಸೈಕಲ್ಲನ್ನು ಕತ್ತೆ ಮಾಡಿದ ದಿನವೇ "ಅವನ ತಲಿ ತರತೇನಿ" ಎಂದು ಇವನು ಮೀಸೆ ಮುಟ್ಟಿ ಆಣೆ ಮಾಡಿದ. ಅಂದಿನಿಂದ ಪ್ರತಿ ಅಮಾವಾಸ್ಯೆಗೂ ಹೋಗುತ್ತಾನೆ, ಬರಿಗೈಲಿ ಬರುತ್ತಾನೆ. ಬಾಗಿಲಲ್ಲಿ ಖಡ್ಗ ಹಿರಿದು "ಹೊರಗ ಬಾರಲೇ ಮುದುಕಾ!" ಎಂದು ಗುಡುಗಿದರೆ, ಅಪ್ಪಾಸಾಬ ತಂಬಿಗೆ ನೀರು, ಬೆಲ್ಲದ ಚೂರು ಹಿಡಿದು ಬಂದು "ಬಿಸಲಾಗ ಬಂದೀರಿ, ಮೊದಲ ನೀರು ಕುಡೀರಿ" ಎನ್ನುತ್ತಾನೆ. ಬೆಲ್ಲ ತಿಂದು ನೀರು ಕುಡಿದ ಮನೆಯ ಮೇಲೆ ಕೈ ಎತ್ತುವುದು ಯಾವ ಸೀಮೆಯ ವೀರತನ? ಇಬ್ಬರೂ ಕಟ್ಟೆಯ ಮೇಲೆ ಕೂತು ಸಂಜೆಯ ಬಸ್ಸಿನ ತನಕ ಹರಟುತ್ತಾರೆ. "ಈ ಸಲನಾರ ಅಲ್ಲಿ ಹನಿ ನೀರೂ ಕುಡೀಬ್ಯಾಡ್ರಿ" ಎಂದು ಹೆಂಡತಿ ಶೇವಂತೆವ್ವ ಮಣ್ಣಿನ ತತ್ರಾಣಿಗೆ ಮನೆಯ ನೀರು ತುಂಬಿ ಹೆಗಲಿಗೆ ಹಾಕಿ ಕಳಿಸುತ್ತಾಳೆ. ಅಮೋಘಸಿದ್ಧ ದಾರಿಯಲ್ಲಿ ಅದರ ಒಂದು ಗುಟುಕನ್ನೂ ಕುಡಿಯುವುದಿಲ್ಲ. ಮಾಟಗಾರನ ಕಟ್ಟೆಯ ಪಕ್ಕದ ಬೇವಿನ ಸಸಿಗೆ ಅಷ್ಟನ್ನೂ ಸುರಿದು, ಗಂಟಲು ಚೆನ್ನಾಗಿ ಒಣಗಿದೆಯೆಂದು ಖಾತ್ರಿ ಮಾಡಿಕೊಂಡು, ಆಮೇಲೆ ಗುಡುಗುತ್ತಾನೆ. ಆ ಸಸಿ ಈಗ ಇಬ್ಬರಿಗೂ ನೆರಳಾಗುವಷ್ಟು ಬೆಳೆದಿದೆ.