ನವಾಂಶದ ಎಂಟನೇ ಮನೆ

ಮಲ್ಲೇಶ್ವರದ ಆ ಹುಡುಗ ನನಗೆ ಒಪ್ಪಿಗೆಯಾಗಿದ್ದ. ಈ ವಯಸ್ಸಿನಲ್ಲಿ ಹೇಳಲು ನಾಚಿಕೆಯೇನು? ಚಾಮರಾಜಪೇಟೆಯ ನಮ್ಮ ಮನೆಗೆ ಹೆಣ್ಣು ನೋಡಲು ಬಂದಿದ್ದಾಗ ನನ್ನ ಹಾಡು ಅಪಸ್ವರವಾಯಿತು. ಎಲ್ಲರೂ ಚಾಪೆ ನೋಡುತ್ತ ಕುಳಿತರು, ಅವನೊಬ್ಬ ನಕ್ಕುಬಿಟ್ಟ. ನನಗೂ ನಗು ಬಂತು.

ಸಾಲಾವಳಿ ಮೊದಲೇ ಕೂಡಿಬಂದಿತ್ತು. ಆದರೂ ವಾರದೊಳಗೆ ಜಾತಕ ವಾಪಸು ಬಂತು. ಅವರ ಜೋಯಿಸರು ರಾಶಿ ಕುಂಡಲಿ ಸಾಲದೆಂದು ನವಾಂಶ ಕುಂಡಲಿಯನ್ನೂ ಕೆದಕಿದ್ದರಂತೆ. ಅಲ್ಲಿ ಎಂಟನೇ ಮನೆಯಲ್ಲಿ ಕುಜ ಕೂತಿದ್ದಾನಂತೆ. ಹೆಣ್ಣಿಗೆ ಎಂಟು ಅಂದರೆ ತಾಳಿಯ ಮನೆ, ಗಂಡನ ಆಯುಸ್ಸಿಗೆ ಆಗದು.

ರಾಶಿಯಲ್ಲಿ ಇಲ್ಲದ ದೋಷ ಇಲ್ಲಿ ಎಲ್ಲಿಂದ ಬಂತು? ನನಗೆ ಮೈಯೆಲ್ಲ ಉರಿಯಿತು. ಬಸವನಗುಡಿಯಲ್ಲಿದ್ದ ನಮ್ಮ ಜೋಯಿಸರ ಮನೆಗೆ ಅಪ್ಪನ ಜೊತೆ ನಾನೂ ಹೊರಟೆ. ಅವರು ನಿಧಾನವಾಗಿ ಬಿಡಿಸಿ ಹೇಳಿದರು. ಒಂದು ರಾಶಿಯನ್ನು ಒಂಬತ್ತು ಭಾಗ ಮಾಡಿದರೆ ಒಂದೊಂದೂ ಒಂದು ನವಾಂಶ. ಲಗ್ನ ಎರಡು ಗಂಟೆ ನಿಂತರೂ ಅದರ ಒಂದು ಭಾಗ ಹದಿಮೂರು ನಿಮಿಷಕ್ಕೆಲ್ಲ ದಾಟಿಹೋಗುತ್ತದೆ.

"ಮಗು ಹುಟ್ಟಿದ ಹೊತ್ತು ಸರಿಯಾಗಿ ನೋಡಿದ್ರಾ?"

"ನಾನೇ ಗೋಡೆ ಗಡಿಯಾರ ನೋಡಿ ಬರೆದಿದ್ದು" ಎಂದರು ಅಪ್ಪ, ಹೆಮ್ಮೆಯಿಂದ.

ಗೋಡೆ ಗಡಿಯಾರ! ಆಫೀಸಿಗೆ ತಡವಾಗಬಾರದೆಂದು ಅಪ್ಪ ಅದನ್ನು ಯಾವಾಗಲೂ ಮುಂದೆ ಇಡುತ್ತಿದ್ದರು. ಮನೆಯವರೆಲ್ಲ ಮನಸ್ಸಿನಲ್ಲೇ ಐದೋ ಹತ್ತೋ ನಿಮಿಷ ಕಳೆದು ಹೊತ್ತು ತಿಳಿಯುತ್ತಿದ್ದೆವು.

"ಅಪ್ಪಾ, ಕಳೆದು ಬರೆದ್ರಾ?"

ಅಪ್ಪನ ಮುಖ ಬಿಳಿಚಿತು. "ಇಲ್ಲ ಕಣಮ್ಮ. ಆ ಗಡಿಬಿಡೀಲಿ..."

ಅಯ್ಯೋ ನನ್ನ ಕರ್ಮವೇ!

ಜೋಯಿಸರು ಬೆರಳು ಮಡಿಸಿ ಲೆಕ್ಕ ಹಾಕಿದರು. "ಐದು ನಿಮಿಷ ಮುಂದಿದ್ರೆ ಕುಜ ಎಂಟರಲ್ಲೇ. ಹತ್ತು ಇದ್ರೆ ಲಗ್ನ ಹಿಂದಿನ ಭಾಗಕ್ಕೆ ಹೋಗತ್ತೆ, ಕುಜ ಒಂಬತ್ತಕ್ಕೆ ಬರ್ತಾನೆ, ದೋಷವೇ ಇಲ್ಲ. ಎಷ್ಟು ಮುಂದಿತ್ತು ಹೇಳಿ. ಬೇರೆ ಜಾತಕ ಬರೆದು ನಾನೇ ಅವರ ಹತ್ರ ಮಾತಾಡ್ತೀನಿ."

ನಾನು ಅಪ್ಪನ ಬಾಯನ್ನೇ ನೋಡಿದೆ. ಹತ್ತು ಅನ್ನಿ ಅಪ್ಪ, ಹತ್ತು ಅಂದುಬಿಡಿ.

"ಕೀ ಕೊಡುವಾಗ ಅಂದಾಜಿಗೆ ಮುಳ್ಳು ತಳ್ತಿದ್ದೆ. ಒಂದೊಂದ್ಸಲ ಐದು, ಒಂದೊಂದ್ಸಲ ಹತ್ತು. ಅವತ್ತು ಎಷ್ಟಿತ್ತೋ ಗೊತ್ತಿಲ್ಲ."

"ಹತ್ತು ಅಂತ ಬರ್ಕೊಳ್ಳಿ" ಎಂದೆ ನಾನೇ. ಜೋಯಿಸರು ಅಪ್ಪನ ಕಡೆ ನೋಡಿದರು.

"ಬೇಡ" ಎಂದರು ಅಪ್ಪ. "ಗೊತ್ತಿಲ್ಲದ್ದನ್ನ ಬರೆಸಬಾರದು. ನಾಳೆ ಆ ಹುಡುಗನಿಗೆ ಏನಾದ್ರೂ ಆದ್ರೆ?"

ಅಲ್ಲಿಗೆ ಮುಗಿಯಿತು. ಆ ವರ್ಷವೇ ಅವನಿಗೆ ಬೇರೆ ಕಡೆ ಮದುವೆಯಾಯಿತು. ನನ್ನ ಗಂಡನ ಮನೆಯವರು ಜಾತಕವನ್ನೇ ಕೇಳಲಿಲ್ಲ. ನಮ್ಮವರು ಒಳ್ಳೆಯವರೇ, ಆ ಮಾತು ಬೇರೆ.

ಅಂದು ಮನೆಗೆ ನಡೆದು ಬರುವಾಗ ನಾನು ಅಪ್ಪನನ್ನು ಕೇಳಿದ್ದೆ. "ಅವನಿಗೆ ಏನಾಗತ್ತೋ ಅಂತ ಯೋಚನೆ ಮಾಡಿದ್ರಿ. ನನಗೇನಾಗತ್ತೆ ಅಂತ ಯಾಕೆ ಮಾಡ್ಲಿಲ್ಲ?"

ಅಪ್ಪ ಇನ್ನೂ ಇಪ್ಪತ್ತು ವರ್ಷ ಬದುಕಿದ್ದರು. ಆ ಗಡಿಯಾರವನ್ನು ಮತ್ತೆಂದೂ ಮುಂದೆ ಇಡಲಿಲ್ಲ.